ಐದು ಸಾಲಿಗಿಂತ ಉದ್ದದ ಪ್ರಶ್ನೆ

ಒಂಬತ್ತನೇ ಕೊಠಡಿಯ ಬಾಗಿಲಲ್ಲಿ ಬೂಟಿನ ಸದ್ದು ನಿಂತಿತು.

ಹಾಜರಿ ಹಾಳೆ ಹಿಡಿದು ಕೊನೆಯ ಸಾಲಿನ ಬೆಂಚಿನ ಹತ್ತಿರ ಬಾಗಿದ್ದ ಟೀಚರ್ ತಲೆ ಎತ್ತಿ ನೋಡಿದಳು. ನೋಡಿದವಳು ಹಾಗೇ ನಿಂತುಬಿಟ್ಟಳು.

ಅವನು...

ಕೊರಳಲ್ಲಿ 'ವೀಕ್ಷಕರು' ಎಂದು ಬರೆದ ಗುರುತಿನ ಚೀಟಿ. ಕಿವಿಯ ಮೇಲೆ ಒಂದೆರಡು ಬಿಳಿ ಕೂದಲು. ಕನ್ನಡಕ ಹೊಸದು. ಆದರೆ ಹೊಸ್ತಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ಒಂದು ಗಳಿಗೆ ತಡೆಯುವ ಆ ರೀತಿ ಮಾತ್ರ ಏಳು ವರ್ಷದ ಹಿಂದಿನದೇ.

ನೇಮಕಾತಿ ಪರೀಕ್ಷೆ ಶುರುವಾಗಿ ಹತ್ತು ನಿಮಿಷವಾಗಿತ್ತು. ಇಪ್ಪತ್ತೊಂದು ಅಭ್ಯರ್ಥಿಗಳು ತಲೆ ತಗ್ಗಿಸಿ ಬರೆಯುತ್ತಿದ್ದರು. ಆ ಕೊಠಡಿಯಲ್ಲಿ ಮೇಲ್ವಿಚಾರಕಿ ಮಾತಾಡುವಂತಿಲ್ಲ, ಅಳುವಂತಿಲ್ಲ, ಎದ್ದು ಓಡಿಹೋಗುವಂತೆಯೂ ಇಲ್ಲ.

ಅವನು ಹತ್ತಿರ ಬಂದ. ದನಿ ತಗ್ಗಿಸಿ ಕೇಳಿದ.

"ಗೈರುಹಾಜರಿ ಎಷ್ಟು?"

"ಮೂರು ಜನ."

"ಎಲ್ಲರ ಸಹಿ ಆಯ್ತಾ?"

"ಕೊನೇ ಸಾಲು ಬಾಕಿ ಇದೆ ಸರ್."

ಏಳು ವರ್ಷದ ಮೇಲೆ ಇಬ್ಬರೂ ಆಡಿದ ಮಾತು ಇಷ್ಟೇ. 'ಸರ್' ಎಂಬ ಪದ ಬಿದ್ದಾಗ ಅವನ ಪೆನ್ನು ಹಾಳೆಯ ಮೇಲೆ ಸ್ವಲ್ಪ ತಡೆಯಿತು. ಸಹಿ ಹಾಕಿದ, ಹೊರಟುಹೋದ.

ಕೊನೆಯ ಸಾಲಿನ ಸಹಿ ಮುಗಿಸಿ ಅವಳು ಮುಂದಿನ ಕುರ್ಚಿಗೆ ಬಂದು ಕೂತಳು. 'ಎರಡು ಗಂಟೆ. ಎರಡೇ ಗಂಟೆ ಹೇಗೋ ಕಳೆದರೆ ಸಾಕು. ಅವನು ಅವನ ಪಾಡಿಗೆ, ನಾನು ನನ್ನ ಪಾಡಿಗೆ.'

ಹೀಗೆ ಅಂದುಕೊಂಡವಳ ಮನಸ್ಸು, ಹೇಳಿದ ಮಾತು ಕೇಳುವ ಜಾತಿಯದಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ!

* * *

ಈ ಶಾಲೆಯ ಮಕ್ಕಳಿಗೆ ಅವಳು ಗಣಿತದ ಟೀಚರ್. ಮನೆಯಲ್ಲಿ ಅಪ್ಪನಿಗೆ ಪುಟ್ಟಿ. ಆದರೆ ಒಂದು ಕಾಲದಲ್ಲಿ ಅವಳಿಗೆ ಇನ್ನೊಂದು ಹೆಸರಿತ್ತು... ಗಡಿಯಾರ.

ಆಗ ಅವಳಿಗೆ ಇಪ್ಪತ್ಮೂರು. ಅಧಿಕಾರಿಗಳ ತರಬೇತಿ ಸಂಸ್ಥೆಯ ಪ್ರವೇಶ ಪರೀಕ್ಷೆಗೆಂದು ದಿನಾ ಬೆಳಗ್ಗೆ ಸಾರ್ವಜನಿಕ ವಾಚನಾಲಯಕ್ಕೆ ಬಂದು ಕೂರುತ್ತಿದ್ದಳು. ಬಂದ ಕೂಡಲೇ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಡುವುದು ಅವಳ ರೂಢಿ. ಇಷ್ಟು ಸಮಯದ ಪ್ರಜ್ಞೆ ಇದ್ದವಳು ಹಿಂದಿನ ವರ್ಷ ಅದೇ ಪರೀಕ್ಷೆಯಲ್ಲಿ ಸಮಯ ಸಾಲದೆ ಫೇಲಾಗಿದ್ದಳು. ಕಾರಣ ಒಂದೇ. ರೀಸನಿಂಗ್ ಪಜಲ್ ಒಂದನ್ನು ಹಿಡಿದಳೆಂದರೆ ಬಿಡುತ್ತಿರಲಿಲ್ಲ. ಎಂಟು ಜನ ದುಂಡುಮೇಜಿನ ಸುತ್ತ ಯಾರ ಪಕ್ಕ ಯಾರು ಕೂತರೆಂದು ತಿಳಿಯುವ ತನಕ ಅವಳಿಗೆ ಊಟ ಸೇರದು, ನಿದ್ದೆ ಹತ್ತದು.

ಒಂದು ಸಂಜೆ ಮುಚ್ಚುವ ಗಂಟೆ ಹೊಡೆದರೂ ಅವಳು ಎದ್ದಿರಲಿಲ್ಲ. ಸ್ವಲ್ಪ ದೂರದ ಬೆಂಚಿನಲ್ಲಿ ಒಬ್ಬ ಎಲ್ಲರಿಗೂ ಪಾಠ ಹೇಳಿಕೊಡುತ್ತಾ ಕೂರುತ್ತಿದ್ದ. ಇನ್ನೂ ಇಪ್ಪತ್ನಾಲ್ಕರ ಹುಡುಗ, ಆದರೂ ಎಲ್ಲರ ಬಾಯಲ್ಲಿ 'ಮೇಷ್ಟ್ರು'. ಅವನು ಬಂದು ಪಕ್ಕದಲ್ಲಿ ನಿಂತ.

"ಏನ್ರೀ, ಇನ್ನೂ ಎಷ್ಟು ಜನ ಕೂರೋದು ಬಾಕಿ?"

"ಇಬ್ಬರು. ತಡೀರಿ, ಬರ್ತಿದೆ."

"ನಲವತ್ತು ನಿಮಿಷದಿಂದ ನೋಡ್ತಿದೀನಿ. ಪರೀಕ್ಷೇಲಿ ಇದಕ್ಕೆ ಸಿಗೋದು ಎರಡು ನಿಮಿಷ."

"ಅರ್ಧಕ್ಕೆ ಬಿಟ್ರೆ ತಲೆ ಒಳಗೆ ಕೊರೀತಾ ಇರುತ್ತೆ. ನಂಗೆ ಬಿಡೋಕೆ ಬರಲ್ಲ."

"ಹಾಗಾದ್ರೆ ನಿಮಗೆ ಬಿಡಿಸೋದು ಚೆನ್ನಾಗಿ ಬರುತ್ತೆ, ಬಿಡೋದೊಂದು ಕಲೀಬೇಕು. ಐದು ಸಾಲಿಗಿಂತ ಉದ್ದ ಇದ್ರೆ ಓದಲೇಬೇಡಿ. ಮುಂದಿನದಕ್ಕೆ ಹೋಗಿ. ಓದಿದ್ರೆ ನೀವು ಸಿಕ್ಕಿಹಾಕ್ಕೊಂಡ ಹಾಗೇ."

ಅವಳಿಗೆ ಮೈಯೆಲ್ಲ ಉರಿಯಿತು. 'ಇವನ್ಯಾರು ನನಗೆ ಹೇಳೋಕೆ?' ಎಂದುಕೊಂಡಳು. ಮರುದಿನ ಬೆಳಗ್ಗೆ ಅವನಿಗಿಂತ ಮೊದಲೇ ಬಂದು, ಅವನ ಎದುರಿನ ಜಾಗದಲ್ಲೇ ಕೂತಳು. ಯಾಕೆ ಅಲ್ಲೇ ಕೂತಳೆಂದು ಕೇಳಿದರೆ ಕಿಟಕಿಯ ಗಾಳಿ ಬರುತ್ತದೆಂದು ಹೇಳುತ್ತಿದ್ದಳೇನೋ. ಆ ಕಿಟಕಿ ತೆರೆದದ್ದನ್ನು ಯಾರೂ ನೋಡಿರಲಿಲ್ಲ.

ಅವರ ಜೊತೆಗೆ ಟೈಲರ್ ಅಕ್ಕ ಸೇರಿಕೊಂಡಳು. ಬಸ್ ನಿಲ್ದಾಣದ ಹಿಂದೆ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದ ಆಕೆಗೆ ಮೂವತ್ಮೂರು ವರ್ಷ, ಇದು ಕೊನೆಯ ಅವಕಾಶ. ದಿಕ್ಕಿನ ಲೆಕ್ಕ ಬಂದರೆ ಆಕೆಗೆ ತಲೆಸುತ್ತು. ರಕ್ತಸಂಬಂಧದ ಪ್ರಶ್ನೆ ಬಂದರೆ ಮಾತ್ರ ಯಾರೂ ಆಕೆಯನ್ನು ಮೀರುವಂತಿರಲಿಲ್ಲ.

"ಅವನ ಹೆಂಡತಿಯ ತಂದೆಯ ಒಬ್ಬನೇ ಮಗ, ಅವನಿಗೆ ಏನಾಗಬೇಕು?" ಎಂದು ಮೇಷ್ಟ್ರು ಓದಿ ಮುಗಿಸುವ ಮುಂಚೆಯೇ ಅಕ್ಕನ ಉತ್ತರ.

"ಭಾವಮೈದುನ ಕಣಪ್ಪ. ಇದನ್ನ ಇಷ್ಟು ಸುತ್ತುಬಳಸಿ ಕೇಳೋಕೆ ಇವರಿಗೇನು ಬೇರೆ ಕೆಲಸ ಇಲ್ವಾ?"

ಮೂವರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ವಾಚನಾಲಯದಲ್ಲಿ ಜೋರಾಗಿ ನಕ್ಕರೆ ಗ್ರಂಥಪಾಲಕರು ಮೇಜು ಕುಟ್ಟುತ್ತಿದ್ದರಲ್ಲ!

ಎಂಥ ದಿನಗಳವು... ಆಸನದ ಪಜಲ್ ಬಿಡಿಸಲು ಖಾಲಿ ಟೀ ಲೋಟಗಳನ್ನು ಸುತ್ತಲೂ ಜೋಡಿಸುತ್ತಿದ್ದರು. ಅಕ್ಕನ ಚೀಲದ ಗುಂಡಿಗಳು ಕೆಂಪು, ಹಸಿರು, ಹಳದಿ ಟೋಪಿಗಳಾಗುತ್ತಿದ್ದವು. ಅವನು ಮೆಲ್ಲಗೆ 'ರೀ' ಬಿಟ್ಟು 'ನೀನು' ಎಂದ. ಯಾವ ದಿನದಿಂದ ಎಂದು ಇಬ್ಬರಿಗೂ ನೆನಪಿಲ್ಲ. ಅವಳು ಮಾತ್ರ 'ಮೇಷ್ಟ್ರೇ' ಬಿಡಲಿಲ್ಲ.

ಪ್ರತಿ ಭಾನುವಾರ ಒಬ್ಬರು ಇಪ್ಪತ್ತು ಪ್ರಶ್ನೆಯ ಪತ್ರಿಕೆ ಬರೆದು ತರಬೇಕು, ಉಳಿದವರು ಇಪ್ಪತ್ತೈದು ನಿಮಿಷದಲ್ಲಿ ಬಿಡಿಸಬೇಕು. ತಪ್ಪಿಗೆ ಕಾಲು ಅಂಕ ಕಡಿತ. ಖಾಲಿ ಬಿಟ್ಟರೆ ಕಡಿತವಿಲ್ಲ. ಹಾಗಾಗಿ ಅವರ ನಡುವೆ ಖಾಲಿ ಬಿಟ್ಟದ್ದಕ್ಕೆ ಒಂದು ಅರ್ಥವೇ ಇತ್ತು. ಪ್ರಶ್ನೆ ಓದಿದೆ, ಯೋಚಿಸಿದೆ, ಕೈ ಹಾಕದಿರುವುದೇ ವಾಸಿ ಅನ್ನಿಸಿತು ಎಂದು.

ನಾಲ್ಕು ತಿಂಗಳಲ್ಲಿ ಗಡಿಯಾರ ಬಿಡುವುದನ್ನು ಕಲಿತಳು. ಮೊದಲು ಕಷ್ಟವಾಯಿತು. ಆಮೇಲೆ ಅಭ್ಯಾಸವಾಯಿತು. ಕೊನೆಗೆ ಉದ್ದದ ಪ್ರಶ್ನೆ ಕಂಡರೆ ಸಾಲು ಎಣಿಸಿ ಕಣ್ಣು ತಾನಾಗಿ ಕೆಳಗೆ ಜಾರುತ್ತಿತ್ತು. ಒಂದಕ್ಷರವನ್ನೂ ಓದುತ್ತಿರಲಿಲ್ಲ.

ಪ್ರವೇಶ ಪರೀಕ್ಷೆಗೆ ಮೊದಲಿನ ಕೊನೆಯ ಭಾನುವಾರ ಪತ್ರಿಕೆ ಮೇಷ್ಟ್ರದ್ದು. ಅಕ್ಕ ಅಂದು ಬಂದಿರಲಿಲ್ಲ. ಅವಳೊಬ್ಬಳೇ ಬರೆದಳು. ಹದಿನೇಳನೆಯದು ಏಳು ಸಾಲಿತ್ತು. ಬಿಟ್ಟು ಮುಂದೆ ಹೋದಳು. ನಾಲ್ಕು ನಿಮಿಷ ಉಳಿಸಿ ಪೆನ್ನು ಕೆಳಗಿಟ್ಟಳು.

ಅವನು ತಿದ್ದುತ್ತಾ ಬಂದ. ಒಂದರಿಂದ ಹದಿನಾರೂ ಸರಿ. ಆಮೇಲೆ ಅವನ ಕೈ ನಿಂತಿತು. ಬಹಳ ಹೊತ್ತು ನಿಂತಿತು.

"ಹದಿನೇಳು ಬಿಟ್ಟಿದ್ದೀಯ," ಎಂದ. ದನಿ ಯಾಕೋ ಒಣಗಿತ್ತು.

"ಹೂಂ, ಬಿಟ್ಟೆ." ಅವಳ ಮುಖದಲ್ಲಿ ಶಾಲೆಯ ಮಗುವಿನ ಹೆಮ್ಮೆ. 'ಈಗ ಶಭಾಷ್ ಅಂತಾನೆ ನೋಡು...'

"ಇನ್ನೂ ನಾಲ್ಕು ನಿಮಿಷ ಇದೆ. ವಾಪಸ್ ಹೋಗಿ ನೋಡ್ತೀಯಾ?"

"ಬೇಡ ಮೇಷ್ಟ್ರೇ. ಉಳಿದಿದ್ದೆಲ್ಲ ಸರಿ ಇದ್ರೆ ಸಾಕು."

ಅವನು ನಕ್ಕ. ನಕ್ಕಂತೆ ಮಾಡಿದ ಎನ್ನುವುದೇ ಸರಿ. ಹತ್ತೊಂಬತ್ತು ಅಂಕ ಎಂದು ಬರೆದು, ಯಾವಾಗಲೂ ವಾಪಸ್ ಕೊಡುವ ಪತ್ರಿಕೆಯನ್ನು ಅಂದು ಮಡಚಿ ತನ್ನ ಜೇಬಿಗೇ ಹಾಕಿಕೊಂಡ.

ಮುಂದಿನ ವಾರ ಪರೀಕ್ಷೆ. ಎರಡು ತಿಂಗಳಿಗೆ ಫಲಿತಾಂಶ. ಅವನ ಸಂಖ್ಯೆ ಪಟ್ಟಿಯಲ್ಲಿತ್ತು, ಅವಳದು ಮೂರು ಅಂಕದಲ್ಲಿ ತಪ್ಪಿತ್ತು. ಮರುದಿನ ಅವಳು ತಲೆಬಾಚಿ, ಕಣ್ಣಿಗೆ ನೀರು ಹಾಕಿಕೊಂಡು, ಅವನಿಗೆ ಒಳ್ಳೆಯದಾಗಲಿ ಎಂದು ಹೇಳಲು ವಾಚನಾಲಯಕ್ಕೆ ಹೋದಳು. ಅಲ್ಲಿ ಟೈಲರ್ ಅಕ್ಕ ಒಬ್ಬಳೇ ಕೂತಿದ್ದಳು.

"ಬೆಳಗ್ಗೇನೇ ಬಂದು ಎಲ್ಲರಿಗೂ ಹೇಳಿ ಹೋದ ಕಣೇ. ನಿಂಗೆ ಹೇಳ್ಲಿಲ್ವಾ?"

ಅವಳು ತಲೆ ಅಲ್ಲಾಡಿಸಿದಳು.

ಗೆದ್ದವನು ಹೊರಟುಹೋದ, ಸೋತವಳು ಉಳಿದಳು. 'ಅಂದರೆ ಅವನಿಗೆ ನಾನು ಏನೂ ಅಲ್ಲ.' ತರ್ಕ ಕಲಿತ ಹುಡುಗಿ ಎರಡು ಹೇಳಿಕೆ ಇಟ್ಟುಕೊಂಡು ಒಂದು ತೀರ್ಮಾನ ಎಳೆದಳು. ಏಳು ವರ್ಷ ಅದನ್ನೇ ಎದೆಯಲ್ಲಿಟ್ಟುಕೊಂಡು ಬದುಕಿದಳು. ಬಿ.ಎಡ್ ಮಾಡಿದಳು, ಬೇರೆ ಊರಿನ ಈ ಶಾಲೆಗೆ ಬಂದಳು, ಮಕ್ಕಳಿಗೆ ಪಾಠ ಹೇಳುವುದರಲ್ಲಿ ನಿಜವಾದ ಸುಖ ಕಂಡಳು. ಪರೀಕ್ಷೆ ಹೋದದ್ದರ ನೋವು ಹೀಗೆ ಮಾಯಿತು. ಇನ್ನೊಂದು ನೋವಿಗೆ ಮದ್ದು ಸಿಗಲಿಲ್ಲ.

* * *

ಹನ್ನೊಂದೂವರೆಗೆ ಅವನು ಮತ್ತೆ ಬಂದ.

ಮೂರನೇ ಬೆಂಚಿನ ಹುಡುಗಿಯೊಬ್ಬಳು ಒಂದೇ ಪ್ರಶ್ನೆಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದಳು. ಅವಳ ಪ್ರಶ್ನೆಪತ್ರಿಕೆಯ ಅಂಚಿನ ತುಂಬ ವೃತ್ತಗಳು, ಬಾಣಗಳು, ಹೊಡೆದುಹಾಕಿದ ಅಕ್ಷರಗಳು. ಟೀಚರ್ ಆ ಬೆಂಚಿನ ಬಳಿ ಹೋಗಿ ನಿಂತಳು. 'ಬಿಡು ಮಗಾ, ಮುಂದಕ್ಕೆ ಹೋಗು' ಎನ್ನುವಂತಿಲ್ಲ. ಅವನೂ ಆ ಬೆಂಚಿನ ಹತ್ತಿರ ಕ್ಷಣ ನಿಂತ. ಇಬ್ಬರ ಕಣ್ಣೂ ಆ ಹುಡುಗಿಯ ತಲೆಯ ಮೇಲಿಂದ ಒಮ್ಮೆ ಕೂಡಿದವು.

ಅವಳು ಮೊದಲು ಕಣ್ಣು ತೆಗೆದಳು.

ಹನ್ನೆರಡಕ್ಕೆ ಗಂಟೆಯಾಯಿತು. ಉತ್ತರದ ಹಾಳೆಗಳನ್ನು ಸಂಗ್ರಹಿಸಿದಳು, ಎಣಿಸಿದಳು, ಇನ್ನೊಮ್ಮೆ ಎಣಿಸಿದಳು. ಸಿಬ್ಬಂದಿ ಕೊಠಡಿಯಲ್ಲಿ ವೀಕ್ಷಕರ ಎದುರಿಗೇ ಬಟ್ಟೆ ಕವರಿಗೆ ಹಾಕಿ ಅರಗಿನ ಮುದ್ರೆ ಒತ್ತಬೇಕು. ಉಳಿದ ಎಂಟು ಕೊಠಡಿಯವರು ಒಪ್ಪಿಸಿ ಊಟಕ್ಕೆ ಹೋಗುವ ತನಕ ಅವಳು ಕಾರಿಡಾರಿನಲ್ಲೇ ನಿಂತಿದ್ದಳು. ನಾಲ್ಕು ಗಂಟೆಯ ಬಸ್ಸಿಗೆ ವೀಕ್ಷಕರು ಹೊರಡುತ್ತಾರೆಂದು ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು.

'ಕೇಳಿಬಿಡಲಾ? ಯಾಕೆ ಹೇಳದೆ ಹೋದಿರಿ ಅಂತ ಒಂದೇ ಒಂದು ಮಾತು ಕೇಳಿಬಿಡಲಾ? ಇವತ್ತು ಕೇಳದಿದ್ದರೆ ಇನ್ನು ಈ ಜನ್ಮಕ್ಕಿಲ್ಲ...'

ಒಳಗೆ ಹೋದಳು. ಕೋಣೆಯಲ್ಲಿ ಅವನೊಬ್ಬನೇ ಇದ್ದ. ಕವರಿನ ಬಾಯಿ ಮಡಚಿ ಹಿಡಿದ, ಅವಳು ದಾರ ಸುತ್ತಿದಳು.

"ಮೂರನೇ ಬೆಂಚಿನ ಆ ಹುಡುಗಿ," ಎಂದ ಅವನು ದಾರವನ್ನೇ ನೋಡುತ್ತಾ. "ನಿಮ್ಮ ಹಾಗೇ ಇದ್ಲು."

ಈ 'ನಿಮ್ಮ' ಅವಳನ್ನು ಚುಚ್ಚಿತು.

"ನಾನು ಮೊದಲು ಹಾಗಿದ್ದೆ. ಆಮೇಲೆ ನೀವೇ ಬಿಡಿಸಿದ್ರಲ್ಲ ಆ ಚಾಳೀನ. ಐದು ಸಾಲಿಗಿಂತ ಉದ್ದ ಇದ್ರೆ ಓದದೇ ಮುಂದಕ್ಕೆ ಹೋಗೋದು. ಇವತ್ತಿಗೂ ನನ್ನ ಮಕ್ಕಳಿಗೆ ಅದನ್ನೇ ಹೇಳ್ಕೊಡ್ತೀನಿ."

ಅವನ ಕೈ ಕವರಿನ ಮೇಲೆ ಹಾಗೇ ಉಳಿಯಿತು.

"ಓದದೇನಾ?"

"ಓದದೇ. ಸಾಲು ಎಣಿಸೋದು, ಹೋಗೋದು. ಓದಿದ್ರೆ ಸಿಕ್ಕಿಹಾಕ್ಕೋತೀವಿ ಅಂತ ಹೇಳಿದ್ದು ನೀವೇ."

"ಆ ಕೊನೇ ಭಾನುವಾರ... ನನ್ನ ಪತ್ರಿಕೇಲಿ ಹದಿನೇಳನೇದು..."

"ಏಳು ಸಾಲಿತ್ತು. ಬಿಟ್ಟೆ."

"ಓದಲೇ ಇಲ್ವಾ ನೀನು?"

ಏಳು ವರ್ಷದ ಮೇಲೆ ಅವನ ಬಾಯಲ್ಲಿ 'ನೀನು' ಬಂದಿತ್ತು. ಅವಳು ದಾರ ಬಿಟ್ಟು ಅವನ ಮುಖ ನೋಡಿದಳು. ಆ ಮುಖದಲ್ಲಿ ಬಣ್ಣವೇ ಇರಲಿಲ್ಲ.

"ಇಲ್ಲ. ಏನಿತ್ತು ಅದರಲ್ಲಿ?"

ಅವನು ಕುರ್ಚಿಯಲ್ಲಿ ಕುಸಿದು ಕೂತ. ಕನ್ನಡಕ ತೆಗೆದು ಕಣ್ಣೊತ್ತಿಕೊಂಡ. ಆಮೇಲೆ, ಬಾಯಿಪಾಠ ಒಪ್ಪಿಸುವ ಹಾಗೆ, ನಿಧಾನವಾಗಿ ಹೇಳತೊಡಗಿದ.

"ವಾಚನಾಲಯದ ಉದ್ದ ಬೆಂಚಿನ ಮೇಲೆ ನಾಲ್ಕು ಜನ ಕೂರ್ತಾರೆ. ಪೇಪರ್ ಓದೋ ತಾತ ಕಿಟಕಿ ಹತ್ತಿರ ಬಿಟ್ಟು ಕದಲಲ್ಲ. ಟೈಲರ್ ಅಕ್ಕ ತಾತನ ಪಕ್ಕ. ಕೈಗಡಿಯಾರ ಬಿಚ್ಚಿಡೋ ಹುಡುಗಿ ಅಕ್ಕನ ಪಕ್ಕ. ಮೇಷ್ಟ್ರಿಗೆ ಆ ಹುಡುಗಿ ಪಕ್ಕ ಬಿಟ್ಟು ಬೇರೆಲ್ಲೂ ಕೂರೋಕೆ ಮನಸ್ಸಿಲ್ಲ. ಆದ್ರೆ ಅವಳು ಒಪ್ಪದೆ ಅವನು ಕೂರಲ್ಲ. ಹಾಗಾದ್ರೆ ಜೀವನಪೂರ್ತಿ ಮೇಷ್ಟ್ರು ಎಲ್ಲಿ ಕೂರಬೇಕು?"

ಅವಳ ಬೆರಳು ಮೇಜಿನ ಮೇಲೆ ನಾಲ್ಕು ಜಾಗ ಎಣಿಸಿತು.

"ಎ, ಅವಳ ಪಕ್ಕ. ಬಿ, ಅವಳ ಎದುರು. ಸಿ, ಅವಳು ಯೋಚನೆ ಮಾಡಿ ಹೇಳೋ ತನಕ ನಿಂತೇ ಇರಬೇಕು. ಡಿ, ಬೇರೆ ಊರಲ್ಲಿ."

"ಮೇಷ್ಟ್ರೇ..."

"ನೀನು ಖಾಲಿ ಬಿಟ್ಟಿದ್ದೆ. ವಾಪಸ್ ನೋಡ್ತೀಯಾ ಅಂದ್ರೆ ಬೇಡ ಅಂದೆ. ಓದಿದಾಳೆ, ಡಿ ಅಂತ ಬರೆದು ನೋಯಿಸೋದು ಬೇಡ ಅಂತ ಬಿಟ್ಟಿದಾಳೆ ಅಂದ್ಕೊಂಡೆ. ನೀನು ಅಷ್ಟು ಒಳ್ಳೆಯವಳು. ಅದಕ್ಕೇ ಡಿ ನಾನೇ ಬರ್ಕೊಂಡೆ."

ಕಣ್ಣೀರು ಯಾವಾಗ ಇಳಿಯಿತೋ ಅವಳಿಗೆ ತಿಳಿಯಲಿಲ್ಲ. ಏಳು ವರ್ಷ! ಅವನು ಮರೆತ ಎಂದು ಇವಳು, ಇವಳು ಬೇಡವೆಂದಳು ಎಂದು ಅವನು. ಬೇರೆ ಯಾವ ಹುಡುಗಿಯಾಗಿದ್ದರೂ ಕುತೂಹಲಕ್ಕಾದರೂ ಆ ಏಳು ಸಾಲು ಓದುತ್ತಿದ್ದಳು. ಗುರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ ಶಿಷ್ಯೆಗೆ ಮಾತ್ರ ಇಂಥ ಶಿಕ್ಷೆ.

ಅಳುವಿನ ಹಿಂದೆಯೇ ಸಿಟ್ಟೂ ಬಂತು.

"ಓದಬೇಡ ಅಂತ ಹೇಳಿಕೊಟ್ಟವರೂ ನೀವೇ, ಅಲ್ಲೇ ಬಚ್ಚಿಟ್ಟವರೂ ನೀವೇ. ಏಳು ಸಾಲು ಯಾಕೆ ಬೇಕಿತ್ತು? ಒಂದು ಸಾಲಲ್ಲಿ ಕೇಳೋಕೆ ಆಗ್ತಿರಲಿಲ್ವಾ?"

"ಒಂದು ಸಾಲಿಗೆ ಧೈರ್ಯ ಇರಲಿಲ್ಲ. ಏಳು ಸಾಲಿದ್ರೆ ಸ್ವಲ್ಪ ಮರೆ ಇರುತ್ತೆ ಅನ್ನಿಸ್ತು."

"ನಾನು ಫೇಲಾದೆ ಅಂತ ನೀವು ಹೇಳದೆ ಹೋದ್ರಿ ಅಂದ್ಕೊಂಡಿದ್ದೆ. ಇಷ್ಟು ವರ್ಷವೂ ಹಾಗೇ ಅಂದ್ಕೊಂಡಿದ್ದೆ, ಗೊತ್ತಾ?"

ಅವನು ತಟ್ಟನೆ ಎದ್ದುನಿಂತ.

"ಅಯ್ಯೋ, ಹುಚ್ಚಿ. ಫಲಿತಾಂಶ ಬಂದ ದಿನ ನನ್ನ ನಂಬರಿಗಿಂತ ಮೊದಲು ನಿನ್ನ ನಂಬರ್ ಹುಡುಕಿದ್ದೆ. ಎರಡು ಸಲ ಹುಡುಕಿದ್ದೆ. ನಿನ್ನ ಮುಂದೆ ಬಂದು ನಿಲ್ಲೋ ಮುಖ ಇರಲಿಲ್ಲ ನಂಗೆ. ಅಷ್ಟೇ."

ಹೊರಗೆ ಮಕ್ಕಳಿಲ್ಲದ ಮೈದಾನ ಬಿಸಿಲಲ್ಲಿ ಸುಮ್ಮನಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕೇಳಬೇಕಾದ ಇನ್ನೊಂದು ಪ್ರಶ್ನೆಯಿತ್ತು. ಅದನ್ನು ಕೇಳಲು ಅವಳಿಗೆ ಭಯವಾಯಿತು.

"ಇವತ್ತು ಇಲ್ಲಿಗೆ... ಸುಮ್ನೆ ಡ್ಯೂಟಿ ಬಿತ್ತಾ?"

"ಇಲ್ಲ. ಮೇಲ್ವಿಚಾರಕರ ಪಟ್ಟೀಲಿ ನಿನ್ನ ಹೆಸರು ನೋಡಿದೆ. ಕೇಳಿ ಹಾಕಿಸ್ಕೊಂಡೆ. ಚೆನ್ನಾಗಿದ್ದೀಯ ಅಂತ ದೂರದಿಂದ ನೋಡಿ ಹೋಗೋಣ ಅಂತ ಬಂದೆ."

"ಮನೇಲಿ ಯಾರ್ಯಾರಿದ್ದೀರಿ?"

"ಅಮ್ಮ, ನಾನು. ಅಮ್ಮ ದಿನಾ ಬೈತಾಳೆ. ನಿಮ್ಮನೇಲಿ?"

"ಅಪ್ಪ, ನಾನು. ಅಪ್ಪ ಬೈಯೋದು ಬಿಟ್ಟು ಎರಡು ವರ್ಷ ಆಯ್ತು."

ಇಬ್ಬರಿಗೂ ನಗು ಬಂತು. ಅಳುವಿನ ನಡುವೆ ಬಂದ ನಗು, ತಡೆಯಲಾಗದ ನಗು. ಇಲ್ಲಿ ಮೇಜು ಕುಟ್ಟಿ ಗದರುವವರು ಯಾರೂ ಇರಲಿಲ್ಲ.

ನಗು ನಿಂತ ಮೇಲೆ ಅವಳು ನೇರವಾಗಿ ನಿಂತಳು. ತರಗತಿಯಲ್ಲಿ ನಿಂತಂತೆ.

"ಮೇಷ್ಟ್ರೇ, ಈಗ ಕೇಳಿ. ಬೆಂಚು, ತಾತ, ಅಕ್ಕ ಯಾರೂ ಬೇಡ."

ಅವನು ಗಂಟಲು ಸರಿಮಾಡಿಕೊಂಡ. ಮೂವತ್ತೊಂದು ವರ್ಷದ ಅಧಿಕಾರಿಯ ಕಿವಿ ಕೆಂಪಾಯಿತು.

"ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ."

ಎಷ್ಟು ಸಣ್ಣ ಮಾತು... ಇಷ್ಟಕ್ಕೆ ಏಳು ವರ್ಷ ಹಿಡಿಯಿತಲ್ಲ ಎಂದು ಇಬ್ಬರಿಗೂ ಒಟ್ಟಿಗೇ ಅನ್ನಿಸಿತು. ಅವನ ಕೈ ಮೇಜಿನ ಮೇಲಿಂದ ಸರಿದು ಬಂತು. ಅವಳ ಕೈ ಅರ್ಧ ದಾರಿಗೇ ಸಿಕ್ಕಿತು.

ಬಾಗಿಲ ಹತ್ತಿರ ಚಪ್ಪಲಿ ಸದ್ದಾಯಿತು. ಹೆಡ್ ಮೇಡಂ ಒಂದು ಹಾಳೆ ಹಿಡಿದು ಒಳಗೆ ಬಂದರು. ಕೈಗಳೆರಡೂ ಮಿಂಚಿನಂತೆ ಕವರಿನ ಮೇಲೆ ಹೋದವು.

"ಟೀಚರ್, ಒಂಬತ್ತನೇ ರೂಮಿನ ಈ ಫಾರಂ ಒಂದು ಉಳಿದಿದೆ ನೋಡಿ. ಇಬ್ರೂ ಸಹಿ ಮಾಡಿಬಿಟ್ರೆ ಮುಗೀತು. ನಾನು ಸೀಲ್ ತರ್ತೀನಿ."

ಅವರು ಹೋದರು. ಅವಳು ಹಾಳೆ ಓದಿದಳು. ಈ ಸಲ ಒಂದಕ್ಷರವನ್ನೂ ಬಿಡದೆ ಓದಿದಳು. ಕೊಠಡಿಯ ಮೇಲ್ವಿಚಾರಕರು ಮತ್ತು ವೀಕ್ಷಕರ ನಡುವೆ ರಕ್ತಸಂಬಂಧವಾಗಲಿ, ವೈವಾಹಿಕ ಸಂಬಂಧವಾಗಲಿ ಇಲ್ಲವೆಂದು ಇಬ್ಬರೂ ದೃಢೀಕರಿಸಬೇಕಿತ್ತು.

ಹಾಳೆಯನ್ನು ಅವನ ಕಡೆಗೆ ತಿರುಗಿಸಿದಳು. ಅವನು ಓದಿ ಪೆನ್ನು ಹಿಡಿದುಕೊಂಡು ಕೂತ.

"ಸಹಿ ಮಾಡಬಹುದಾ?"

"ಮಾಡಿ. ಇವತ್ತಿನ ಮಟ್ಟಿಗೆ ನಿಜ ತಾನೇ."

ಅವನು ಸಹಿ ಮಾಡಿದ. ಅದರ ಕೆಳಗೆ ಅವಳು ಮಾಡಿದಳು.

"ತಾರೀಖು ಸರಿಯಾಗಿ ಹಾಕಿ ಮೇಷ್ಟ್ರೇ. ಮುಂದಿನ ಪರೀಕ್ಷೆಗೆ ಇದಕ್ಕೆ ಸಹಿ ಮಾಡೋಕಾಗಲ್ಲ."

"ಮುಂದಿನ ಪರೀಕ್ಷೆ ಯಾವಾಗ?"

"ಮೂರು ತಿಂಗಳಿಗೆ."

ಅವನು ತಾರೀಖು ಬರೆದು, ಪೆನ್ನಿನ ಮುಚ್ಚಳ ಹಾಕಿ, ಅವಳನ್ನೇ ನೋಡಿದ.

"ಅಷ್ಟು ದಿನ ಬೇಕಾ?"

"ಬೇಡ," ಎಂದಳು ಅವಳು. "ನಾಲ್ಕು ಗಂಟೆ ಬಸ್ಸು ಬಿಡಿ. ಅಪ್ಪ ಮನೇಲೇ ಇದ್ದಾರೆ."